ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಎಲ್ಲಿಂದ ತರುವುದು?

ಕಳೆದ ಜುಲೈನಲ್ಲಿ ನಮ್ಮ ತರಗತಿಯ ಐದು ಜನ ತಲಾ 290 ರೂಪಾಯಿ ಹಾಕಿ, 1,450 ರೂಪಾಯಿಗೆ ಒಂದು ಕಂಡೆನ್ಸರ್ ಮೈಕ್ ತರಿಸಿದೆವು. ಹಾಡು ಹಾಡುವುದಕ್ಕಲ್ಲ, ರೀಲ್ಸ್ ಮಾಡುವುದಕ್ಕೂ ಅಲ್ಲ. ನಮ್ಮ ಜೊತೆ ದ್ವಿತೀಯ ಪಿಯುಸಿ ಓದುವ ಗೆಳೆಯನೊಬ್ಬನಿಗೆ ಕಣ್ಣು ಬಹಳ ಮಂದ. ರಾಣೆಬೆನ್ನೂರಿನಿಂದ ದಿನಾ ಬರುತ್ತಾನೆ. ಪುಸ್ತಕದ ಅಕ್ಷರ ಅವನಿಗೆ ಕಾಣುವುದಿಲ್ಲ, ಪರೀಕ್ಷೆಯಲ್ಲಿ ಬೇರೊಬ್ಬರು ಅವನು ಹೇಳಿದ್ದನ್ನು ಬರೆಯುತ್ತಾರೆ. ಮನೆಯಲ್ಲಿ ಪಾಠ ಓದಿ ಹೇಳುವವರು ಯಾರೂ ಇಲ್ಲ. ಆದ್ದರಿಂದ ವ್ಯವಹಾರ ಅಧ್ಯಯನದ ಪಾಠಗಳನ್ನು ನಾನು ಓದಿ, ರೆಕಾರ್ಡ್ ಮಾಡಿ ಅವನ ಫೋನಿಗೆ ಕಳಿಸುವುದು ಎಂದು ಮಾತಾಯಿತು.

ಮೊದಲು ಫೋನಿನಲ್ಲೇ ಮಾಡಿದೆ. ನಮ್ಮ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಗೋದಾಮುಗಳ ಹತ್ತಿರ. ಸೋಮವಾರ, ಗುರುವಾರ ಮಾರುಕಟ್ಟೆ ಇದ್ದಾಗ ಲಾರಿಗಳ ಸದ್ದು ನಿಲ್ಲುವುದೇ ಇಲ್ಲ. ಫೋನಿನಲ್ಲಿ ನನ್ನ ದನಿಗಿಂತ ಲಾರಿಯ ಹಾರ್ನ್ ಜೋರಾಗಿ ಕೇಳುತ್ತಿತ್ತು. "ಸ್ಟುಡಿಯೋ ಮೈಕ್ ತಗೊಂಡ್ರೆ ಎಲ್ಲಾ ಸರಿ ಹೋಗ್ತದೆ" ಎಂದು ಯಾರೋ ಹೇಳಿದರು. ಆನ್‌ಲೈನ್‌ನಲ್ಲಿ ಹುಡುಕಿ ತರಿಸಿಯೇಬಿಟ್ಟೆವು. ಮೈಕ್, ಸ್ಟ್ಯಾಂಡ್, ಸ್ಪಂಜಿನ ಟೋಪಿ, ಒಂದು ಕೇಬಲ್ ಎಲ್ಲಾ ಒಂದೇ ಡಬ್ಬಿಯಲ್ಲಿ ಬಂದವು.

ಕೇಬಲನ್ನು ಅಕ್ಕನ ಲ್ಯಾಪ್‌ಟಾಪಿಗೆ ಚುಚ್ಚಿ ಓದಿದೆ. ದನಿ ಬಾವಿಯೊಳಗಿಂದ ಬಂದ ಹಾಗೆ ಸಣ್ಣಗೆ ಬಂತು. ಸಾಫ್ಟ್‌ವೇರ್‌ನಲ್ಲಿ ಅದನ್ನು ಹತ್ತು ಪಟ್ಟು ಏರಿಸಿದೆ. ದನಿಯ ಜೊತೆ "ಸ್ಸ್ಸ್" ಎನ್ನುವ ಸದ್ದೂ ಹತ್ತು ಪಟ್ಟು ಏರಿತು. ಇಷ್ಟೇ ಇರಬಹುದು ಎಂದುಕೊಂಡು ಆರು ಪಾಠ ಹಾಗೆಯೇ ಓದಿ ಕಳಿಸಿದೆ. ಗೆಳೆಯ ಎರಡು ವಾರ ಏನೂ ಹೇಳಲಿಲ್ಲ. ನಾನೇ ಒತ್ತಾಯಿಸಿ ಕೇಳಿದ ಮೇಲೆ ಹೇಳಿದ: "ಲೇ, ನಿನ್ನ ಪಾಠದಾಗ ಮಳಿ ಭಾಳ ಬರ್ತೈತಲೇ. ಒಂದು ತಾಸು ಕೇಳಿದ್ರ ತಲಿ ನೋಯ್ತೈತಿ. ನೀನು ಇಷ್ಟು ಕಷ್ಟಪಟ್ಟು ಓದಿದ್ದಿ ಅಂತ ಸುಮ್ನಿದ್ದೆ."

ಅವನ ಕಿರುಪರೀಕ್ಷೆಯಲ್ಲಿ ಅಂಕ ಏಕೆ ಕಡಿಮೆ ಬಂತು ಎಂದು ನನಗೆ ಆಗ ಅರ್ಥವಾಯಿತು. ಮೈಕ್ ಕೆಟ್ಟದ್ದು ಬಂದಿದೆ ಎಂದು ಮಾರಿದವರಿಗೆ ವಾಪಸ್ ಕಳಿಸಲು ನೋಡಿದೆ, ದಿನ ಮುಗಿದಿತ್ತು. ಆಮೇಲೆ ತಿಳಿಯಿತು, ಮೈಕ್ ಕೆಟ್ಟಿರಲಿಲ್ಲ. ತಪ್ಪು ನನ್ನದೇ. ಆ ತಪ್ಪು ನೀವೂ ಮಾಡಬಾರದು ಎಂದು ಈ ಲೇಖನ.

ರಾಣೆಬೆನ್ನೂರಿನ ಕಾಕಾ ಹೇಳಿದ್ದು

ರಾಣೆಬೆನ್ನೂರಿನಲ್ಲಿ ಮದುವೆ, ಜಾತ್ರೆ, ಉರುಸಿಗೆ ಮೈಕ್‌ಸೆಟ್ ಬಾಡಿಗೆ ಕೊಡುವ ಒಬ್ಬ ಕಾಕಾ ಇದ್ದಾರೆ. ಗೆಳೆಯನ ಮನೆಯ ಓಣಿಯವರೇ. ಮೈಕ್, ಲ್ಯಾಪ್‌ಟಾಪ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಅವರ ಅಂಗಡಿಗೆ ಹೋದೆವು. ಕಾಕಾ ಮೈಕ್ ನೋಡಲಿಲ್ಲ, ಮೊದಲು ಕೇಬಲ್ ನೋಡಿದರು. ಆಮೇಲೆ ಮಲ್ಟಿಮೀಟರ್ ತೆಗೆದು ಲ್ಯಾಪ್‌ಟಾಪಿನ ಮೈಕ್ ತೂತಿನಲ್ಲಿ ಎಷ್ಟು ವೋಲ್ಟ್ ಬರುತ್ತದೆ ಎಂದು ಅಳೆದರು. 2.3 ವೋಲ್ಟ್ ತೋರಿಸಿತು.

"ತಮ್ಮಾ, ಈ ಮೈಕ್ 48 ವೋಲ್ಟ್ ಉಣ್ಣೋದು. ನೀ ಎರಡೂ ಚಿಲ್ರಿ ಕೊಟ್ಟೀದಿ. ಖಾಲಿ ಹೊಟ್ಟಿಲೆ ದುಡಿ ಅಂದ್ರ ಎಲ್ಲಿಂದ ದುಡೀತೈತಿ?"

ಎಲ್ಲಾ ಮೈಕ್‌ಗಳೂ ಒಂದೇ ಎಂದುಕೊಂಡಿದ್ದ ನನಗೆ ಅಂದು ಕಾಕಾ ಎರಡು ಮೈಕ್ ಬಿಚ್ಚಿ ತೋರಿಸಿದರು.

ಒಂದು, ಸಭೆಗಳಲ್ಲಿ ನಾವು ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕ್. ಅದರ ಬಾಯಿಯ ಹಿಂದೆ ತೆಳುವಾದ ಪೊರೆ, ಪೊರೆಗೆ ಅಂಟಿದ ತಂತಿಯ ಸುರುಳಿ, ಸುತ್ತಲೂ ಆಯಸ್ಕಾಂತ. ದನಿ ಬಡಿದಾಗ ಪೊರೆ ಅಲುಗುತ್ತದೆ, ಸುರುಳಿ ಆಯಸ್ಕಾಂತದ ನಡುವೆ ಹಿಂದೆ ಮುಂದೆ ಆಡುತ್ತದೆ, ವಿದ್ಯುತ್ ತಾನೇ ಹುಟ್ಟುತ್ತದೆ. ಹತ್ತನೇ ತರಗತಿಯಲ್ಲಿ ಓದಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಇದಕ್ಕೆ ಹೊರಗಿನಿಂದ ವಿದ್ಯುತ್ ಬೇಡ.

ಇನ್ನೊಂದು, ನಮ್ಮ ಕಂಡೆನ್ಸರ್ ಮೈಕ್. ಇದರಲ್ಲಿ ಸುರುಳಿಯೂ ಇಲ್ಲ, ಆಯಸ್ಕಾಂತವೂ ಇಲ್ಲ. ಲೋಹ ಲೇಪಿಸಿದ ಬಹಳ ತೆಳುವಾದ ಪೊರೆ, ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಗಟ್ಟಿ ತಟ್ಟೆ. ಎರಡು ತಟ್ಟೆ ಎದುರುಬದುರು ಇದ್ದು ನಡುವೆ ಜಾಗ ಇದ್ದರೆ ಅದು ಕೆಪಾಸಿಟರ್. ಕೆಪಾಸಿಟರ್‌ನ ಹಳೆಯ ಹೆಸರೇ ಕಂಡೆನ್ಸರ್. ಆ ತಟ್ಟೆಗಳಲ್ಲಿ ವಿದ್ಯುದಾವೇಶ ತುಂಬಿಸಿ ಇಟ್ಟಿರಬೇಕು. ದನಿ ಬಡಿದು ಪೊರೆ ಹತ್ತಿರ ದೂರ ಆದಂತೆ ತಟ್ಟೆಗಳ ನಡುವಿನ ವೋಲ್ಟೇಜ್ ಏರಿಳಿಯುತ್ತದೆ. ಆ ಏರಿಳಿತವೇ ನಮ್ಮ ದನಿ.

ಆದರೆ ಆ ಏರಿಳಿತ ಬಹಳ ದುರ್ಬಲ. ಕೇಬಲ್ ಹಿಡಿದು ಎರಡು ಮೀಟರ್ ಹೋಗುವ ಶಕ್ತಿಯೂ ಅದಕ್ಕಿಲ್ಲ. ಹಾಗಾಗಿ ಪೊರೆಯ ಪಕ್ಕದಲ್ಲೇ, ಮೈಕ್‌ನ ಹೊಟ್ಟೆಯೊಳಗೇ, ಟ್ರಾನ್ಸಿಸ್ಟರ್ ಇರುವ ಸಣ್ಣ ಸರ್ಕ್ಯೂಟ್ ಇರುತ್ತದೆ. ದನಿಯನ್ನು ಕೇಬಲ್‌ಗೆ ಹೊರಿಸುವ ಕೆಲಸ ಅದರದು. ಆ ಸರ್ಕ್ಯೂಟಿಗೆ ವಿದ್ಯುತ್ ಬೇಕು.

ನಾವು ಕಾಮರ್ಸ್‌ನವರು ಇದನ್ನು ಹೀಗೆ ನೆನಪಿಡಬಹುದು. ಡೈನಮಿಕ್ ಮೈಕ್ ತಲೆಯ ಮೇಲೆ ಬುಟ್ಟಿ ಹೊತ್ತು ಮಾರುವ ಅಜ್ಜಿ ಇದ್ದ ಹಾಗೆ, ದುಡಿದರೆ ಆಯಿತು. ಕಂಡೆನ್ಸರ್ ಮೈಕ್ ಅಂಗಡಿ ಇದ್ದ ಹಾಗೆ. ಮೊದಲು ದುಡಿಯುವ ಬಂಡವಾಳ ಹಾಕದಿದ್ದರೆ ಬಾಗಿಲು ತೆರೆದಿದ್ದರೂ ವ್ಯಾಪಾರ ಆಗುವುದಿಲ್ಲ.

ಸ್ವಲ್ಪ ಇತಿಹಾಸ

ಕಂಡೆನ್ಸರ್ ಮೈಕನ್ನು ಮೊದಲು ಮಾಡಿದವರು ಅಮೆರಿಕದ ಇ. ಸಿ. ವೆಂಟೆ, 1916ರಲ್ಲಿ. 1928ರಲ್ಲಿ ಜರ್ಮನಿಯ ಗಿಯಾರ್ಗ್ ನ್ಯೂಮನ್ ಅದನ್ನು ಮಾರಾಟಕ್ಕೆ ತಂದರು. ಆ ಕಾಲದ ಮೈಕ್‌ಗಳ ಒಳಗೆ ವಾಲ್ವ್ ಇರುತ್ತಿತ್ತು. ವಾಲ್ವ್ ಕಾಯಲು ಒಂದು ವಿದ್ಯುತ್, ಕೆಲಸ ಮಾಡಲು ಇನ್ನೊಂದು ವಿದ್ಯುತ್ ಬೇಕು. ಪ್ರತಿ ಮೈಕ್‌ಗೂ ಒಂದು ಪ್ರತ್ಯೇಕ ಪವರ್ ಪೆಟ್ಟಿಗೆ, ಹಲವು ಎಳೆಗಳ ದಪ್ಪ ಕೇಬಲ್.

ಟ್ರಾನ್ಸಿಸ್ಟರ್ ಬಂದ ಮೇಲೆ ವಿದ್ಯುತ್ತಿನ ಅಗತ್ಯ ಬಹಳ ಕಡಿಮೆಯಾಯಿತು. 1966ರಲ್ಲಿ ನಾರ್ವೆ ದೇಶದ ರೇಡಿಯೋದವರು, ಪ್ರತ್ಯೇಕ ಪೆಟ್ಟಿಗೆ ಇಲ್ಲದೆ ಮೈಕ್ ಕೇಬಲ್‌ನಲ್ಲಿಯೇ ವಿದ್ಯುತ್ ಕಳಿಸುವ ವ್ಯವಸ್ಥೆ ಬೇಕು ಎಂದು ನ್ಯೂಮನ್ ಕಂಪನಿಯನ್ನು ಕೇಳಿದರು. ಅವರ ಸ್ಟುಡಿಯೋದಲ್ಲಿ ಕರೆಂಟ್ ಹೋದಾಗ ಉರಿಯುವ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು. ಅದನ್ನೇ ಬಳಸಿದರು. ಅಂದಿನಿಂದ 48 ಎಂಬ ಅಂಕಿ ಉಳಿದುಕೊಂಡಿತು, ಆಮೇಲೆ ಜಾಗತಿಕ ಮಾನಕವೂ ಆಯಿತು. ಹಳೆಯ ಲ್ಯಾಂಡ್‌ಲೈನ್ ಫೋನುಗಳೂ 48 ವೋಲ್ಟಿನ ಮೇಲೆಯೇ ನಡೆಯುತ್ತಿದ್ದವು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತಲ್ಲ, ಏಕೆಂದರೆ ಎಕ್ಸ್‌ಚೇಂಜಿನಿಂದ ಮಾತು ಬರುವ ಅದೇ ತಂತಿಯಲ್ಲಿ ವಿದ್ಯುತ್ತೂ ಬರುತ್ತಿತ್ತು. ಹಾವೇರಿ, ಬ್ಯಾಡಗಿ ಬಳಿ, ರಾಣೆಬೆನ್ನೂರು ದಾಟಿ ಹೋಗುವ ನಮ್ಮ ಹೆದ್ದಾರಿಯ ಸಂಖ್ಯೆಯೂ 48. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನೆನಪಿಡಲು ಮಾತ್ರ ಸುಲಭ.

1962ರಲ್ಲಿ ಬೆಲ್ ಲ್ಯಾಬ್ಸ್‌ನ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬ ಇಬ್ಬರು ಎಲೆಕ್ಟ್ರೆಟ್ ಮೈಕ್ ಮಾಡಿದರು. ಇದರಲ್ಲಿ ಆವೇಶವನ್ನು ಪ್ಲಾಸ್ಟಿಕ್ ಪೊರೆಯಲ್ಲಿ ಶಾಶ್ವತವಾಗಿ ತುಂಬಿಟ್ಟಿರುತ್ತಾರೆ. ಶರ್ಟಿಗೆ ಸಿಕ್ಕಿಸುವ ಕಾಲರ್ ಮೈಕ್ ಈ ಜಾತಿಯದು. ಅದರ ಟ್ರಾನ್ಸಿಸ್ಟರ್‌ಗೆ 2ರಿಂದ 5 ವೋಲ್ಟ್ ಸಾಕು. ಫೋನು, ಲ್ಯಾಪ್‌ಟಾಪ್‌ಗಳ ಮೈಕ್ ತೂತಿನಲ್ಲಿ ಅಷ್ಟು ಮಾತ್ರ ಬರುವುದು ಅದಕ್ಕೇ. ಆ ತೂತು ಕಾಲರ್ ಮೈಕ್‌ಗಾಗಿ ಇರುವುದು. ನಾನು ಅದರಲ್ಲಿ 48 ವೋಲ್ಟಿನ ಮೈಕ್ ಚುಚ್ಚಿದ್ದೆ.

ಕಾಣದ ವಿದ್ಯುತ್

ಮೈಕ್ ಕೇಬಲ್‌ನಲ್ಲಿಯೇ ಹೋಗುವ ಈ 48 ವೋಲ್ಟಿಗೆ ಫ್ಯಾಂಟಮ್ ಪವರ್ ಎಂದು ಹೆಸರು. ಫ್ಯಾಂಟಮ್ ಎಂದರೆ ಕಣ್ಣಿಗೆ ಕಾಣದ್ದು, ದೆವ್ವ. ನಾನು ಮನೆಯಲ್ಲಿ ಇದನ್ನು ಹೇಳಿದಾಗ ದಾದಿ, "ಮೈಕ್ ಮೇ ಜಿನ್ ಹೈ ಕ್ಯಾ ರೇ?" ಎಂದರು. ಮೂರು ದಿನ ಮೈಕ್ ಮುಟ್ಟಲಿಲ್ಲ.

ದನಿ ಹೋಗುವ ತಂತಿಯಲ್ಲೇ 48 ವೋಲ್ಟ್ ಕಳಿಸಿದರೆ ದನಿ ಕೆಡುವುದಿಲ್ಲವೇ? ಇದು ನನಗೆ ಬಹಳ ದಿನ ತಿಳಿಯದ ಪ್ರಶ್ನೆ. ಉತ್ತರ ಸಿಕ್ಕಿದ್ದು ಲೆಕ್ಕಶಾಸ್ತ್ರದ ತರಗತಿಯಲ್ಲಿ ಕುಳಿತಾಗ.

ಸ್ಟುಡಿಯೋ ಮೈಕ್‌ನ ಎಕ್ಸ್‌ಎಲ್‌ಆರ್ ಪಿನ್‌ನಲ್ಲಿ ಮೂರು ಕಡ್ಡಿಗಳಿವೆ. 1ನೆಯದು ಅರ್ತ್ ಮತ್ತು ಕೇಬಲ್‌ನ ಹೊರ ಜಾಲರಿ. 2 ಮತ್ತು 3ರಲ್ಲಿ ದನಿ ಹೋಗುತ್ತದೆ. 2ರಲ್ಲಿ ದನಿ ನೇರವಾಗಿ, 3ರಲ್ಲಿ ತಿರುಗುಮುರುಗಾಗಿ. ಕೇಬಲ್‌ನ ಆ ತುದಿಯಲ್ಲಿರುವ ಯಂತ್ರ 2 ಮತ್ತು 3ರ ನಡುವಿನ ವ್ಯತ್ಯಾಸವನ್ನು ಮಾತ್ರ ದನಿ ಎಂದು ಓದುತ್ತದೆ. ಫ್ಯಾಂಟಮ್ ಪವರ್ 2ಕ್ಕೂ 48, 3ಕ್ಕೂ 48 ಕೊಡುತ್ತದೆ. ಎರಡೂ ಕಡೆ ಸಮ. ವ್ಯತ್ಯಾಸ ಸೊನ್ನೆ. ಡೆಬಿಟ್ ಕಡೆ 48, ಕ್ರೆಡಿಟ್ ಕಡೆ 48 ಇದ್ದರೆ ತಾಳೆಪಟ್ಟಿಯಲ್ಲಿ ಏನೂ ಉಳಿಯುವುದಿಲ್ಲವಲ್ಲ, ಹಾಗೆಯೇ. ವಿದ್ಯುತ್ 1ನೇ ಕಡ್ಡಿಯ ಮೂಲಕ ಮರಳುತ್ತದೆ. ದನಿಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ.

ದಾರಿಯಲ್ಲಿ ಕೇಬಲ್‌ಗೆ ಅಂಟುವ ಗದ್ದಲವೂ ಹೀಗೆಯೇ ಎರಡೂ ತಂತಿಗೆ ಸಮನಾಗಿ ಬರುವುದರಿಂದ ಅದೂ ಕಳೆದುಹೋಗುತ್ತದೆ. ಡೈನಮಿಕ್ ಮೈಕನ್ನು ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಜೋಡಿಸಿದಾಗ 48 ವೋಲ್ಟ್ ಹೋದರೂ ಅದಕ್ಕೆ ತೊಂದರೆಯಾಗದಿರುವುದೂ ಇದೇ ಕಾರಣಕ್ಕೆ. ಸುರುಳಿಯ ಎರಡು ತುದಿಗೂ ಒಂದೇ ವೋಲ್ಟೇಜ್, ನಡುವೆ ಏನೂ ಹರಿಯುವುದಿಲ್ಲ.

ಸ್ವಲ್ಪ ಲೆಕ್ಕ

48 ವೋಲ್ಟ್ ಎಂದರೆ ಹೆದರಬೇಡಿ. ಅದು 2 ಮತ್ತು 3ನೇ ಕಡ್ಡಿಗಳಿಗೆ ತಲಾ 6.8 ಕಿಲೋಓಮ್ ರೆಸಿಸ್ಟರ್ ದಾಟಿ ಬರುತ್ತದೆ. ಎರಡೂ ಸಮಾಂತರವಾಗಿ ಇರುವುದರಿಂದ ಒಟ್ಟು ತಡೆ 3.4 ಕಿಲೋಓಮ್. ಮೈಕ್ 2 ಮಿಲಿಆಂಪಿಯರ್ ಎಳೆದುಕೊಂಡರೆ, 3.4ನ್ನು 2ರಿಂದ ಗುಣಿಸಿ, 6.8 ವೋಲ್ಟ್ ದಾರಿಯಲ್ಲೇ ಖರ್ಚು. ಮೈಕ್‌ಗೆ ಮುಟ್ಟುವುದು 41.2 ವೋಲ್ಟ್. 4 ಮಿಲಿಆಂಪಿಯರ್ ಎಳೆದರೆ ದಾರಿಖರ್ಚು 13.6, ಮುಟ್ಟುವುದು 34.4. ರೈತ ಕಳಿಸಿದ ಮಾಲಿನಲ್ಲಿ ಬಾಡಿಗೆ, ಹಮಾಲಿ, ದಲಾಲಿ ಕಳೆದು ಕೈಗೆ ಬರುವ ಹಾಗೆ. ಕಂಪನಿಗಳು ಇದನ್ನು ಲೆಕ್ಕ ಹಿಡಿದೇ ಮೈಕ್ ಮಾಡಿರುತ್ತವೆ.

ಮಾನಕದ ಪ್ರಕಾರ ಮೂಲದಲ್ಲಿ 44ರಿಂದ 52 ವೋಲ್ಟ್ ಇರಬಹುದು. ಒಂದು ಮೈಕ್ ಹೆಚ್ಚೆಂದರೆ 10 ಮಿಲಿಆಂಪಿಯರ್ ಎಳೆಯಬಹುದು. ಒಟ್ಟು ಶಕ್ತಿ ಬಹಳ ಕಡಿಮೆ. 2 ಮಿಲಿಆಂಪಿಯರ್ ಮೈಕ್‌ಗೆ ವ್ಯಾಟ್‌ನ ಹತ್ತನೇ ಒಂದು ಭಾಗ ಸಾಕು. 9 ವ್ಯಾಟಿನ ಎಲ್‌ಇಡಿ ಬಲ್ಬು ತಿನ್ನುವುದರಲ್ಲಿ ಸುಮಾರು 90 ಮೈಕ್‌ಗಳು ನಡೆಯುತ್ತವೆ. ಹಾಗಾಗಿ ಇಲ್ಲಿ ಕೊರತೆ ಕರೆಂಟಿನದಲ್ಲ, ವೋಲ್ಟೇಜಿನದು.

ಎಲ್ಲಿಂದ ತರಬಹುದು

ಕಾಕಾ ಹೇಳಿದ ದಾರಿಗಳನ್ನು ಖರ್ಚಿನ ಜೊತೆ ನೋಡೋಣ.

ಒಂದು, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. ಇದು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ 5 ವೋಲ್ಟ್ ತೆಗೆದುಕೊಂಡು ಒಳಗೇ ಅದನ್ನು 48ಕ್ಕೆ ಏರಿಸುತ್ತದೆ. ದನಿಯನ್ನೂ ಚೆನ್ನಾಗಿ ವರ್ಧಿಸಿ ಡಿಜಿಟಲ್ ಮಾಡಿ ಕೊಡುತ್ತದೆ. ಮೇಲೆ 48ವಿ ಎಂದು ಬರೆದ ಗುಂಡಿ ಇರುತ್ತದೆ. ಎಲ್ಲಕ್ಕಿಂತ ಒಳ್ಳೆಯ ದಾರಿ ಇದೇ, ಆದರೆ ನಮ್ಮ ಮೈಕ್‌ನ ಹಲವು ಪಟ್ಟು ಬೆಲೆ. ನಮ್ಮಿಂದ ಆಗಲಿಲ್ಲ.

ಎರಡು, ಮಿಕ್ಸರ್. ಮೈಕ್‌ಸೆಟ್ ಅಂಗಡಿಗಳಲ್ಲಿರುವ ಎಷ್ಟೋ ಮಿಕ್ಸರ್‌ಗಳಲ್ಲಿ ಫ್ಯಾಂಟಮ್ ಗುಂಡಿ ಇರುತ್ತದೆ. ಒಂದು ದಿನದ ರೆಕಾರ್ಡಿಂಗ್ ಆದರೆ ಬಾಡಿಗೆಗೆ ತರಬಹುದು. ಮಿಕ್ಸರ್‌ನಿಂದ ಹೊರಬರುವ ದನಿ ದೊಡ್ಡದು. ಅದನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಕೊಟ್ಟರೆ ಒಡೆದು ಕೇಳುತ್ತದೆ. ಮಿಕ್ಸರ್‌ನ ಔಟ್‌ಪುಟ್ ಗುಂಡಿ ಬಹಳ ಕೆಳಗಿಟ್ಟು ಶುರುಮಾಡಬೇಕು.

ಮೂರು, 48 ವೋಲ್ಟಿನ ಫ್ಯಾಂಟಮ್ ಪವರ್ ಪೆಟ್ಟಿಗೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಮೈಕ್ ಕೇಬಲ್ ಒಳಗೆ, ಇನ್ನೊಂದು ಕಡೆ ಹೊರಗೆ. ಇದು ಮೈಕ್‌ಗೆ 48 ವೋಲ್ಟ್ ಕೊಡುತ್ತದೆ, ಹೊರಗೆ ಹೋಗುವ ಕಡೆ ಕೆಪಾಸಿಟರ್‌ಗಳು ಆ 48ನ್ನು ತಡೆದು ದನಿಯನ್ನು ಮಾತ್ರ ಬಿಡುತ್ತವೆ. ನಾನು ಕೊಂಡಿದ್ದು ಇದನ್ನೇ. ಪೆಟ್ಟಿಗೆಗೆ 1,250, ಮೈಕ್‌ನಿಂದ ಪೆಟ್ಟಿಗೆಗೆ ಬೇಕಾದ ಎಕ್ಸ್‌ಎಲ್‌ಆರ್ ಕೇಬಲ್‌ಗೆ 280 ರೂಪಾಯಿ. ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಮೈಕ್‌ನ ಜೊತೆ ಬಂದ ಹಳೆಯ ಕೇಬಲ್ ಸಾಕಾಯಿತು. ನನ್ನ ಪೆಟ್ಟಿಗೆ ಯುಎಸ್‌ಬಿಯಿಂದ ನಡೆಯುವುದು, ಹಾಗಾಗಿ ಕರೆಂಟ್ ಹೋದರೆ ಪವರ್ ಬ್ಯಾಂಕಿಗೆ ಚುಚ್ಚುತ್ತೇನೆ.

ನಾಲ್ಕು, 9 ವೋಲ್ಟಿನ ಐದು ಬ್ಯಾಟರಿಗಳನ್ನು ಸಾಲಾಗಿ ಜೋಡಿಸುವುದು. ಒಟ್ಟು 45 ವೋಲ್ಟ್, ಮಾನಕದ ಮಿತಿಯೊಳಗೇ ಬರುತ್ತದೆ. ಆರು ಹಾಕಿದರೆ 54, ಮಿತಿ ಮೀರುತ್ತದೆ. ಆದರೆ ರೆಸಿಸ್ಟರ್, ಕೆಪಾಸಿಟರ್ ಎಲ್ಲಾ ಸರಿಯಾಗಿ ಬೆಸುಗೆ ಹಾಕಲು ಬರಬೇಕು. ವಿಜ್ಞಾನ ವಿಭಾಗದವರು ಮಾಡಿ ನೋಡಬಹುದು. ಬ್ಯಾಟರಿ ಬದಲಿಸುವ ಖರ್ಚು ಮಾತ್ರ ನಿಲ್ಲುವುದಿಲ್ಲ.

200 ರೂಪಾಯಿ ಆಸುಪಾಸಿಗೆ ಸಿಗುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದರೆ ಆಗುತ್ತದೆಯೇ ಎಂದು ಹಲವರು ಕೇಳಿದರು. ಯುಎಸ್‌ಬಿಯಲ್ಲೇ ಇರುವುದು 5 ವೋಲ್ಟ್. ಅದರ ಮೈಕ್ ತೂತಿನಲ್ಲಿ ಅದಕ್ಕಿಂತ ಹೆಚ್ಚು ಬರುವುದಿಲ್ಲ. ಕಾಲರ್ ಮೈಕ್‌ಗೆ ಸಾಕು, 48 ವೋಲ್ಟಿನದಕ್ಕೆ ಸಾಲದು.

ಎರಡನೇ ಖರ್ಚಿನ 1,530 ರೂಪಾಯಿಯನ್ನು ಗೆಳೆಯರ ಹತ್ತಿರ ಕೇಳಲು ಮುಖವಿರಲಿಲ್ಲ. ಅಬ್ಬಾರನ್ನು ಕೇಳಿದೆ. ಅವರು ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು, ಬಾಯಿಮಾತಿನ ಲೆಕ್ಕ ಒಪ್ಪುವುದಿಲ್ಲ. ಕಾಗದದ ಮೇಲೆ ಬರೆದು ಕೊಟ್ಟೆ. ಓದಿ, "ಲೇನೇ ಕೆ ಪೈಲೇ ಪೂಛನಾ ನೈ ಕ್ಯಾ?" ಎಂದರು. ಕೊಳ್ಳುವ ಮೊದಲು ಕೇಳಬೇಡವೇ ಎಂದು. ದುಡ್ಡು ಕೊಟ್ಟರು, ಡಿಸೆಂಬರ್ ರಜೆಯಲ್ಲಿ ಅಂಗಡಿಯ ಚೀಟಿ ಬರೆದು ತೀರಿಸಬೇಕು ಎಂಬ ಷರತ್ತಿನ ಮೇಲೆ. ಒಟ್ಟು ಖರ್ಚು 2,980 ರೂಪಾಯಿ. ವ್ಯವಹಾರ ಅಧ್ಯಯನದಲ್ಲಿ "ಯೋಜನೆ" ಎಂಬ ಪಾಠವನ್ನು ನಾನೇ ಓದಿ ರೆಕಾರ್ಡ್ ಮಾಡಿದ್ದೆ ಎನ್ನುವುದನ್ನು ಇಲ್ಲಿ ಯಾರೂ ನೆನಪಿಸಬೇಡಿ.

ಜೋಡಿಸುವಾಗ ಎಚ್ಚರ

ಮೊದಲು ಎಲ್ಲಾ ಕೇಬಲ್ ಜೋಡಿಸಿ. ರೆಕಾರ್ಡಿಂಗ್ ಮಟ್ಟ, ಸ್ಪೀಕರ್ ಎರಡೂ ಕೆಳಗಿರಲಿ. ಆಮೇಲೆ 48 ವೋಲ್ಟಿನ ಗುಂಡಿ ಒತ್ತಿ. ಅರ್ಧ ನಿಮಿಷ ಬಿಟ್ಟು ಮಟ್ಟ ಏರಿಸಿ. ಮುಗಿಸುವಾಗ ಇದನ್ನೇ ಹಿಂದಿನಿಂದ ಮುಂದಕ್ಕೆ ಮಾಡಿ: ಮಟ್ಟ ಇಳಿಸಿ, ಗುಂಡಿ ಆರಿಸಿ, ಸ್ವಲ್ಪ ಕಾದು ಕೇಬಲ್ ತೆಗೆಯಿರಿ. ಗುಂಡಿ ಆನ್ ಇದ್ದಾಗ ಕೇಬಲ್ ಕಿತ್ತರೆ "ಠಪ್" ಎಂದು ದೊಡ್ಡ ಸದ್ದು ಬರುತ್ತದೆ. ಸ್ಪೀಕರಿಗೂ ಕೆಟ್ಟದ್ದು, ಹೆಡ್‌ಫೋನ್ ಹಾಕಿದ್ದರೆ ಕಿವಿಗೂ ಕೆಟ್ಟದ್ದು.

ಮಿಕ್ಸರ್‌ನ ಫ್ಯಾಂಟಮ್ ಇರುವ ತೂತಿನಿಂದ ಫೋನಿಗೋ ಲ್ಯಾಪ್‌ಟಾಪಿಗೋ ನೇರ ಕೇಬಲ್ ಎಳೆಯಬೇಡಿ. 2 ವೋಲ್ಟ್ ಕೊಡುವ ತೂತಿಗೆ 48 ಹೋದರೆ ಅದು ಉಳಿಯುತ್ತದೆ ಎಂಬ ಭರವಸೆ ಇಲ್ಲ. ರಿಬ್ಬನ್ ಮೈಕ್ ಎಂಬ ಜಾತಿಯೂ ಇದೆ, ಕೇಬಲ್ ಕೆಟ್ಟಿದ್ದಾಗ 48 ವೋಲ್ಟ್ ಹೋದರೆ ಅದರೊಳಗಿನ ತೆಳು ಪಟ್ಟಿ ಹಾಳಾಗಬಹುದು.

ಇಷ್ಟಾದರೂ "ಗುಂಯ್" ಎನ್ನುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ನನಗೆ ಅರ್ಧ ಸದ್ದು ಅದರಿಂದಲೇ ಹೋಯಿತು. ಫೋನಿನ ತೂತಿಗೆ ಹಾಕುವವರು ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಮೂರು ಗೆರೆ ಇರುವ ಪಿನ್ನನ್ನು ಮಾತ್ರ ಫೋನು ಮೈಕ್ ಎಂದು ಗುರುತಿಸುತ್ತದೆ. ಎರಡು ಗೆರೆ ಇದ್ದರೆ ಮಧ್ಯೆ ಒಂದು ಸ್ಪ್ಲಿಟರ್ ಬೇಕು.

ಮೈಕ್‌ಗಿಂತ ಕೋಣೆ ದೊಡ್ಡದು

48 ವೋಲ್ಟ್ ಕೊಟ್ಟ ಮೊದಲ ದಿನ ನಾನು ಹೆಡ್‌ಫೋನ್ ಹಾಕಿಕೊಂಡು ಬೆಚ್ಚಿದೆ. ಮಳೆ ನಿಂತಿತ್ತು, ದನಿ ತುಂಬಿ ಬರುತ್ತಿತ್ತು. ಜೊತೆಗೆ ಫ್ಯಾನು, ಅಡುಗೆಮನೆಯಲ್ಲಿ ಅಮ್ಮಿಯ ಬಳೆ, ಪಕ್ಕದ ಮನೆಯ ಕುಕ್ಕರ್, ದೂರದ ರೈಲು ಎಲ್ಲಾ ಬರುತ್ತಿದ್ದವು. ಕಂಡೆನ್ಸರ್ ಮೈಕ್‌ನ ಪೊರೆ ತೆಳು, ಹಾಗಾಗಿ ಸಣ್ಣ ಸದ್ದನ್ನೂ ಹಿಡಿಯುತ್ತದೆ. ಲಾರಿಯ ಸದ್ದು ತಪ್ಪಿಸಲು ನಾವು ಈ ಮೈಕ್ ತರಿಸಿದ್ದೆವು, ಅದು ಲಾರಿಯನ್ನು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಕಾಕಾ ಮೊದಲೇ ಹೇಳಿದ್ದರು: "ನಿಮ್ಮಂಥ ಗದ್ದಲದ ಮನಿಗೆ ಡೈನಮಿಕ್ ಮೈಕ್ ಬಾಯಿಗೆ ಹತ್ತಿರ ಹಿಡದು ಓದಿದ್ರ ಸಾಕಿತ್ತು. ಪವರ್ ಪೆಟ್ಟಿಗಿನೂ ಬೇಕಾಗಿದ್ದಿಲ್ಲ." ಹೊಸದಾಗಿ ಕೊಳ್ಳುವವರು ಈ ಮಾತನ್ನು ಗಮನಿಸಿ. ಶಾಂತ ಕೋಣೆ ಇದ್ದವರಿಗೆ ಕಂಡೆನ್ಸರ್, ಗದ್ದಲದ ಮನೆಗೆ ಡೈನಮಿಕ್ ಅಥವಾ ಕಾಲರ್ ಮೈಕ್.

ನಾವು ಕೊಂಡಾಗಿತ್ತು. ಆದ್ದರಿಂದ ನಾನೇ ಬದಲಾದೆ. ಈಗ ಬೆಳಗಿನ ನಮಾಜು ಮುಗಿಸಿ ಬಂದ ಮೇಲೆ, ಲಾರಿಗಳು ಶುರುವಾಗುವ ಮೊದಲು ಓದುತ್ತೇನೆ. ಫ್ಯಾನು ಬಂದ್. ಮಂಚದ ಎರಡು ಕಡೆ ಹಗ್ಗ ಕಟ್ಟಿ ದಾದಿಯ ಎರಡು ಕೌದಿ ಇಳಿಬಿಟ್ಟಿದ್ದೇನೆ, ಗೋಡೆಯಿಂದ ದನಿ ಮರುಳಿಸುವುದು ನಿಂತಿದೆ. ಮೈಕ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ "ಪ", "ಫ" ಹೇಳುವಾಗ ಗಾಳಿ ಬಡಿದು ಗುದ್ದಿದ ಸದ್ದು ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೆಸರು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಗೋದಾಮಿನ ಗಾಳಿ ಬೀಸಿದ ದಿನ ಹೆನ್ರಿ ಫಯೋಲರ 14 ತತ್ವಗಳನ್ನು ಸೀನದೆ ಓದಿ ಮುಗಿಸಲು ನನ್ನಿಂದ ಇನ್ನೂ ಆಗಿಲ್ಲ.

ಮೈಕ್ ನನ್ನ ಇನ್ನೊಂದು ತಪ್ಪನ್ನೂ ತೋರಿಸಿತು. ನಮ್ಮ ಮನೆಯ ಮಾತು ದಖನಿ ಉರ್ದು. ಕನ್ನಡ ನನಗೆ ಸರಿಯಾಗಿ ಬರುತ್ತದೆ ಎಂದೇ ತಿಳಿದಿದ್ದೆ. ಗೆಳೆಯ ಕೇಳಿ ನಕ್ಕ: "ಲೇ, ಬಂಡವಾಲ ಅಲ್ಲಲೇ, ಬಂಡವಾಳ. ನಿನ್ನ ಬಂಡವಾಳನ ಸರಿ ಇಲ್ಲ." ಫೋನಿನಲ್ಲಿ, ಮಳೆಯ ಸದ್ದಿನಲ್ಲಿ, ಲಕಾರ ಳಕಾರ ಒಂದೇ ಆಗಿ ಕೇಳುತ್ತಿದ್ದವು. ಈಗ ಅವನು ತಪ್ಪು ಹೇಳಿದ ಕಡೆ ನಿಮಿಷ, ಸೆಕೆಂಡು ಸಮೇತ ಕಳಿಸುತ್ತಾನೆ, ನಾನು ತಿದ್ದಿ ಓದುತ್ತೇನೆ. ಪಾಠ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಒಮ್ಮೊಮ್ಮೆ ಗೊತ್ತಾಗುವುದಿಲ್ಲ.

ಇನ್ನು ಉಳಿದದ್ದು

ಆರು ಪಾಠಗಳಲ್ಲಿ ನಾಲ್ಕನ್ನು ಹೊಸದಾಗಿ ಓದಿ ಮುಗಿಸಿದ್ದೇನೆ. ಗೆಳೆಯ ಈಗ ರೈಲಿನಲ್ಲಿ ಬರುವಾಗಲೂ ಕೇಳುತ್ತಾನೆ. "ಧಾರವಾಡ ಆಕಾಶವಾಣಿ ಹಂಗ ಆಗಿಲ್ಲ, ಆದ್ರ ತಲಿ ನೋಯಂಗಿಲ್ಲ" ಎನ್ನುವುದು ಅವನ ಪ್ರಮಾಣಪತ್ರ. ಲೆಕ್ಕಶಾಸ್ತ್ರ ಮಾತ್ರ ಇನ್ನೂ ಕಷ್ಟ. ಕಾಲಮುಗಳನ್ನು ಕಿವಿಯಲ್ಲಿ ಹಿಡಿಯುವುದು ಹೇಗೆ? ಸದ್ಯ "ಡೆಬಿಟ್ ಕಡೆ, ಮೊದಲ ಸಾಲು, ವಿವರ, ಮೊತ್ತ" ಎಂದು ಒಂದೇ ಕ್ರಮದಲ್ಲಿ ಓದುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿರುವ ಅಧ್ಯಾಪಕರು ದಯವಿಟ್ಟು ತಿಳಿಸಬೇಕು.

ನಮ್ಮ ಜಿಲ್ಲೆಯ ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರು. ಅವರ ದನಿ ಹೇಗಿತ್ತು ಎಂದು ಇಂದು ಯಾರಿಗೂ ಗೊತ್ತಿಲ್ಲ. ಇದೇ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದಿದ್ದರೂ ಗದುಗಿನ ಆಶ್ರಮದಲ್ಲಿ ಸಾವಿರಾರು ಮಕ್ಕಳಿಗೆ ಕಿವಿಯ ಮೂಲಕವೇ ವಿದ್ಯೆ ಕೊಟ್ಟರು. ಅವರ ದನಿಯನ್ನು ಇಂದೂ ಕೇಳಬಹುದು, ಏಕೆಂದರೆ ಯಾರೋ ಮೈಕ್ ಇಟ್ಟಿದ್ದರು. ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ. ಒಬ್ಬ ಹುಡುಗ ಮಾರ್ಚ್‌ನ ಪರೀಕ್ಷೆಗೆ ಓದಬೇಕು, ಅಷ್ಟೇ.

ಮೈಕ್, ಪೆಟ್ಟಿಗೆ, ಕೇಬಲ್ ಮೂರನ್ನೂ ಈಗ ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲಿ ಇಡಲು ಗ್ರಂಥಪಾಲಕರು ಒಪ್ಪಿದ್ದಾರೆ. ಅರ್ಥಶಾಸ್ತ್ರ ಮತ್ತು ಇತಿಹಾಸದ ಪಾಠಗಳು ಪೂರ್ತಿ ಬಾಕಿ ಇವೆ. ಕನ್ನಡ ಸ್ಪಷ್ಟವಾಗಿ ಓದಬಲ್ಲವರು, ಅದರಲ್ಲೂ ಳಕಾರ ಸರಿ ಬರುವವರು, ವಾರಕ್ಕೆ ಒಂದು ತಾಸು ಕೊಡಿ. ಕೊನೆಯ ಪೀರಿಯಡ್ ಮುಗಿದ ಮೇಲೆ ಗ್ರಂಥಾಲಯ ಶಾಂತವಾಗಿರುತ್ತದೆ. ಬರುವಾಗ ಒಂದು ನೆನಪಿಡಿ: ಮೊದಲು ಮಟ್ಟ ಇಳಿಸಿ, ಆಮೇಲೆ 48ರ ಗುಂಡಿ.